ಲೆಕ್ಕಕ್ಕಿಂತ ಜೋರಾಗಿ ಕೇಳಿಸಿದ ನಿಟ್ಟುಸಿರು: 2000ದ ಅಮೆರಿಕ ಚುನಾವಣೆಯ ಒಂದು ಪ್ರಕರಣ

2000ದ ಅಕ್ಟೋಬರ್ 3, ಮಂಗಳವಾರ ರಾತ್ರಿ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಮೊದಲ ಚರ್ಚೆ. ಒಂದು ಕಡೆ ಉಪಾಧ್ಯಕ್ಷ ಅಲ್ ಗೋರ್. ಇನ್ನೊಂದು ಕಡೆ ಟೆಕ್ಸಸ್ ರಾಜ್ಯದ ಗವರ್ನರ್ ಜಾರ್ಜ್ ಡಬ್ಲ್ಯೂ. ಬುಷ್. ಪ್ರಶ್ನೆ ಕೇಳುವವರು ಟಿವಿ ಪತ್ರಕರ್ತ ಜಿಮ್ ಲೆಹ್ರರ್. ಮನೆಯಲ್ಲಿ ಕೂತು ನೋಡುತ್ತಿದ್ದವರು ಸುಮಾರು 4 ಕೋಟಿ 66 ಲಕ್ಷ ಜನ.

ಬುಷ್ ಮಾತಾಡುತ್ತಿದ್ದಾರೆ. ಅದರ ನಡುವೆ ಮೈಕ್‌ನಲ್ಲಿ ಇನ್ನೊಂದು ಸದ್ದು ಕೇಳಿಸುತ್ತದೆ. ಗೋರ್ ನಿಟ್ಟುಸಿರು ಬಿಡುತ್ತಿದ್ದಾರೆ. ಉದ್ದನೆಯ, ಬೇಸರದ ಉಸಿರು. ಪರದೆಯನ್ನು ಎರಡು ಭಾಗ ಮಾಡಿ ತೋರಿಸಿದಾಗ ಅವರ ಮುಖವೂ ಕಾಣುತ್ತದೆ. ತಲೆ ಆಡಿಸುತ್ತಾರೆ, ಕಣ್ಣು ಮೇಲೆತ್ತುತ್ತಾರೆ. ಹೋಂವರ್ಕ್ ಮಾಡದೆ ಬಂದ ಹುಡುಗನ ಉತ್ತರವನ್ನು ಮೇಷ್ಟ್ರು ಕೇಳಿಸಿಕೊಳ್ಳುವ ಹಾಗೆ.

ಆ ನಿಟ್ಟುಸಿರಿನ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ಆ ರಾತ್ರಿ ಗೋರ್ ಏನು ಲೆಕ್ಕ ಹೇಳಿದರು ಅಂತ ಕೇಳಿ ನೋಡಿ, ನೆನಪಿರುವವರು ಬಹಳ ಕಡಿಮೆ. ಅಮೆರಿಕದ ಮತದಾರರು ವಿಷಯ ಬಿಟ್ಟು ಮನಸ್ಸಿಗೆ ಅನ್ನಿಸಿದ್ದನ್ನೇ ಯಾಕೆ ನಂಬುತ್ತಾರೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಯಾಕಂದರೆ ಇಲ್ಲಿ ಒಂದೇ ತೊಂಬತ್ತು ನಿಮಿಷಕ್ಕೆ ಜನ ಎರಡು ಸಲ ತೀರ್ಪು ಕೊಟ್ಟರು. ಎರಡೂ ತೀರ್ಪು ಬೇರೆ ಬೇರೆ.

ಗೆಲ್ಲಬೇಕಾಗಿದ್ದ ಅಭ್ಯರ್ಥಿ

ಸುಮ್ನೆ ಅಂಕಿಅಂಶ ನೋಡಿದರೆ ಆ ವರ್ಷ ಗೋರ್‌ಗೆ ಎಲ್ಲವೂ ಅನುಕೂಲವಾಗಿತ್ತು. ಎಂಟು ವರ್ಷದಿಂದ ಅವರದೇ ಪಕ್ಷದ ಬಿಲ್ ಕ್ಲಿಂಟನ್ ಅಧ್ಯಕ್ಷರು. ನಿರುದ್ಯೋಗ 4 ಪರ್ಸೆಂಟ್ ಆಸುಪಾಸು. ಸರ್ಕಾರದ ಖಜಾನೆಯಲ್ಲಿ ಖರ್ಚು ಕಳೆದು ಆ ವರ್ಷ ಸುಮಾರು 23,600 ಕೋಟಿ ಡಾಲರ್ ಉಳಿತಾಯ. ಅಮೆರಿಕದ ರಾಜಕೀಯಶಾಸ್ತ್ರದ ವಿದ್ವಾಂಸರು ಆರ್ಥಿಕತೆ, ಅಧ್ಯಕ್ಷರ ಜನಪ್ರಿಯತೆ ಎಲ್ಲ ಸೇರಿಸಿ ಸೂತ್ರ ಕಟ್ಟಿದ್ದರು. ಎರಡು ದೊಡ್ಡ ಪಕ್ಷಗಳ ಮತದಲ್ಲಿ ಗೋರ್‌ಗೆ 53ರಿಂದ 60 ಪರ್ಸೆಂಟ್ ಬರುತ್ತದೆ ಅಂತ ಆ ಸೂತ್ರಗಳು ಹೇಳಿದ್ದವು.

ಆದರೆ ಗೋರ್ ಹೆಸರಿಗೆ ಒಂದು ಕಲೆ ಅಂಟಿಕೊಂಡಿತ್ತು. ಈ ಮನುಷ್ಯ ಬಡಾಯಿ ಕೊಚ್ಚಿಕೊಳ್ಳುತ್ತಾನೆ ಅನ್ನುವ ಮಾತು. 1999ರ ಮಾರ್ಚ್‌ನಲ್ಲಿ ಸಿಎನ್‌ಎನ್ ಸಂದರ್ಶನದಲ್ಲಿ ಅವರು, ಸಂಸತ್ತಿನಲ್ಲಿದ್ದಾಗ ಇಂಟರ್ನೆಟ್ ರೂಪಿಸುವ ಕೆಲಸದಲ್ಲಿ ತಾನು ಮುಂದಾಳತ್ವ ವಹಿಸಿದೆ ಎಂಬ ಅರ್ಥದ ಮಾತಾಡಿದರು. ಮಾತು ಸ್ವಲ್ಪ ಒರಟಾಗಿತ್ತು, ನಿಜ. ಆದರೆ 1991ರಲ್ಲಿ ಕಂಪ್ಯೂಟರ್ ಜಾಲಗಳಿಗೆ ಹಣ ಕೊಡಿಸಿದ ಕಾಯ್ದೆಯ ಹಿಂದೆ ಇದ್ದವರು ಅವರೇ. ಇಂಟರ್ನೆಟ್‌ನ ಮೂಲ ತಂತ್ರಜ್ಞಾನ ಕಟ್ಟಿದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಇಬ್ಬರೂ ಗೋರ್ ಪರವಾಗಿಯೇ ಬರೆದರು. ಅಷ್ಟು ಹೊತ್ತಿಗೆ 'ಇಂಟರ್ನೆಟ್ ಕಂಡುಹಿಡಿದೆ ಅಂದರಂತೆ' ಅನ್ನುವುದು ಎಲ್ಲರ ಬಾಯಲ್ಲೂ ಕೂತಿತ್ತು. ಅವರು ಬಳಸದ ಪದ ಅವರ ತಲೆಗೆ ಬಂತು.

ಅನುಮಾನಕ್ಕೆ ಕಾರಣವೇ ಇರಲಿಲ್ಲ ಅಂತಲೂ ಹೇಳಲು ಬರುವುದಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬೌದ್ಧ ದೇವಾಲಯದ ಕಾರ್ಯಕ್ರಮಕ್ಕೆ ಗೋರ್ ಹೋಗಿದ್ದರು. ಅಲ್ಲಿ ಪಕ್ಷಕ್ಕೆ ಹಣ ಸಂಗ್ರಹಿಸಿದ್ದು ದೊಡ್ಡ ತನಿಖೆಯಾಯಿತು. ಅದರ ಮೇಲೆ ಕ್ಲಿಂಟನ್ ಹಗರಣ ಬೇರೆ. ಅಧ್ಯಕ್ಷರು ದೇಶದ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ಮತದಾರರು ಮುಂದಿನವರನ್ನು ಅಳೆಯಲು ಇಟ್ಟುಕೊಂಡ ಅಳತೆಗೋಲೇ 'ಇವರು ನಿಜ ಹೇಳುವವರಾ?' ಅನ್ನುವುದಾಯಿತು.

ಆ ರಾತ್ರಿಯ ಲೆಕ್ಕ

ಚರ್ಚೆಯ ಮುಖ್ಯ ವಿಷಯ ತೆರಿಗೆ. ಹತ್ತು ವರ್ಷದಲ್ಲಿ ಸುಮಾರು 1 ಲಕ್ಷ 30 ಸಾವಿರ ಕೋಟಿ ಡಾಲರ್ ತೆರಿಗೆ ಇಳಿಸುವುದು ಬುಷ್ ಯೋಜನೆ. ಗೋರ್ ಅದನ್ನೇ ಹಿಡಿದುಕೊಂಡರು. ಶಿಕ್ಷಣ, ಆರೋಗ್ಯ, ಔಷಧಿ, ರಕ್ಷಣೆ ಈ ನಾಲ್ಕಕ್ಕೂ ಸೇರಿಸಿ ಬುಷ್ ಕೊಡುವ ಹೊಸ ಹಣಕ್ಕಿಂತ ಜಾಸ್ತಿ ಹಣ ಮೇಲಿನ 1 ಪರ್ಸೆಂಟ್ ಶ್ರೀಮಂತರ ತೆರಿಗೆ ಇಳಿಸಲು ಹೋಗುತ್ತದೆ ಅಂದರು. ಮತ್ತೆ ಮತ್ತೆ ಅಂದರು.

ಬುಷ್ ಮೊದಲು ಕೊಟ್ಟ ಉತ್ತರದಲ್ಲಿ ಅಂಕಿಯೇ ಇರಲಿಲ್ಲ. ಇವರ ಹತ್ತಿರ ಅಂಕಿಗಳು ಭರ್ಜರಿಯಾಗಿವೆ, ಇವರು ಇಂಟರ್ನೆಟ್ ಮಾತ್ರ ಅಲ್ಲ, ಕ್ಯಾಲ್ಕುಲೇಟರ್ ಕೂಡ ಕಂಡುಹಿಡಿದಿರಬೇಕು ಅಂತ ನನಗೆ ಅನ್ನಿಸುತ್ತಿದೆ, ಇದೆಲ್ಲ ಮಸುಕು ಲೆಕ್ಕ ಅಂದರು. ಒಂದೇ ಮಾತಿನಲ್ಲಿ ಎರಡು ಕೆಲಸ ಆಯಿತು. ಹಳೆಯ ಬಡಾಯಿಯ ಕಥೆ ನೆನಪಾಯಿತು. ಗೋರ್ ಹೇಳುವ ಪ್ರತಿ ಅಂಕಿಯೂ ಅದೇ ಬಡಾಯಿಯ ಮುಂದುವರಿಕೆ ಅನ್ನಿಸಿಬಿಟ್ಟಿತು.

ಆಮೇಲೆ ಬುಷ್ ಕೂಡ ಒಂದು ಲೆಕ್ಕ ಕೊಟ್ಟರು. ಮೇಲಿನ 1 ಪರ್ಸೆಂಟ್ ಜನ ಕಟ್ಟುವುದು ಆದಾಯ ತೆರಿಗೆಯ ಮೂರನೇ ಒಂದು ಭಾಗ, ಅವರಿಗೆ ಸಿಗುವ ಲಾಭ ಬರೀ ಐದನೇ ಒಂದು ಭಾಗ ಅಂತ. ಈಗ ಮನೆಯಲ್ಲಿ ಕೂತವರ ಪಾಡು ನೋಡಿ. ಒಬ್ಬರು ಒಂದು ಅಂಕಿ ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಎರಡೂ ಅಂಕಿ ಇಷ್ಟು ದೂರ ಇರಲು ದೊಡ್ಡ ಕಾರಣ ಎಸ್ಟೇಟ್ ಟ್ಯಾಕ್ಸ್. ಅಂದರೆ ಸತ್ತವರ ದೊಡ್ಡ ಆಸ್ತಿಯ ಮೇಲಿನ ತೆರಿಗೆ. ಅದನ್ನು ಪೂರ್ತಿ ತೆಗೆದುಹಾಕುವುದು ಬುಷ್ ಯೋಜನೆಯಲ್ಲಿತ್ತು, ಅದರ ಲಾಭವೆಲ್ಲ ಬಹುಪಾಲು ಭಾರೀ ಶ್ರೀಮಂತರಿಗೆ. ಬುಷ್ ಹೇಳಿದ ಐದನೇ ಒಂದು ಭಾಗದಲ್ಲಿ ಅದು ಸೇರಿರಲಿಲ್ಲ. ಇದನ್ನು ತಿಳಿದವರು ಗೋರ್ ಕಡೆಗೆ ವಾಲುತ್ತಿದ್ದರು. ಆದರೆ ಎರಡೆರಡು ನಿಮಿಷದ ಉತ್ತರಗಳ ನಡುವೆ ಸೋಫಾ ಮೇಲೆ ಕೂತ ಮನುಷ್ಯ ಇದನ್ನು ಕಂಡುಹಿಡಿಯುವುದು ಹೇಗೆ?

ಸೋಷಿಯಲ್ ಸೆಕ್ಯುರಿಟಿ ವಿಷಯವೂ ಹಾಗೆಯೇ. ಅದು ಅಮೆರಿಕದ ವಯಸ್ಸಾದವರ ಪಿಂಚಣಿ. ಇವತ್ತು ದುಡಿಯುವವರ ಸಂಬಳದಿಂದ ಕಡಿತವಾದ ಹಣದಲ್ಲೇ ಇವತ್ತಿನ ಹಿರಿಯರಿಗೆ ಪಿಂಚಣಿ ಹೋಗುತ್ತದೆ. ಯುವಕರು ತಮ್ಮ ಪಾಲಿನ ಒಂದಿಷ್ಟನ್ನು ಷೇರು ಪೇಟೆಯಲ್ಲಿ ಹಾಕಿಕೊಳ್ಳಲಿ ಅಂದರು ಬುಷ್. ಹಾಗಾದರೆ ಮಗನ ದುಡ್ಡು ಷೇರಿಗೆ ಹೋದ ಮೇಲೆ ಅಪ್ಪನ ಪಿಂಚಣಿ ಎಲ್ಲಿಂದ ಬರುತ್ತದೆ? ಅದೇ ಹಣವನ್ನು ಇಬ್ಬರಿಗೂ ಕೊಡುತ್ತೇನೆ ಅಂತಿದ್ದಾರೆ ಅಂತ ಗೋರ್ ಹೇಳಿದರು. ನ್ಯಾಯವಾದ ಪ್ರಶ್ನೆ. ಐದು ವರ್ಷದ ನಂತರ, 2005ರಲ್ಲಿ, ಅಧ್ಯಕ್ಷ ಬುಷ್ ಇದನ್ನು ಜಾರಿಗೆ ತರಲು ಹೊರಟಾಗ ಇದೇ ಪ್ರಶ್ನೆ ಎದುರಾಗಿ ಯೋಜನೆ ಸಂಸತ್ತಿನಲ್ಲಿ ಮತಕ್ಕೇ ಬರಲಿಲ್ಲ. ಆದರೆ 2000ದ ಆ ರಾತ್ರಿ ಜನರಿಗೆ ಕೇಳಿಸಿದ್ದು ಗೋರ್ ಪದೇ ಪದೇ ಹೇಳಿದ 'ಬೀಗ ಹಾಕಿದ ಪೆಟ್ಟಿಗೆ' ಅನ್ನುವ ಮಾತು ಮಾತ್ರ. ಪಿಂಚಣಿ ಹಣವನ್ನು ಅಂಥ ಪೆಟ್ಟಿಗೆಯಲ್ಲಿಟ್ಟು ಯಾರೂ ಮುಟ್ಟದ ಹಾಗೆ ಕಾಯುತ್ತೇನೆ ಅನ್ನುವುದು ಅವರ ಅರ್ಥ. ಹತ್ತು ಸಲ ಕೇಳಿದ ಮೇಲೆ ಅರ್ಥ ಸವೆದು ಸದ್ದು ಉಳಿಯುತ್ತದೆ, ಅಲ್ವಾ?

ಒಂದು ಚರ್ಚೆ, ಎರಡು ತೀರ್ಪು

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇರುವುದು ಇಲ್ಲಿ. ಚರ್ಚೆ ಮುಗಿದ ತಕ್ಷಣ ಅದನ್ನು ನೋಡಿದವರಿಗೆ ಫೋನ್ ಮಾಡಿ ಯಾರು ಗೆದ್ದರು ಅಂತ ಕೇಳಿದರು. ಗ್ಯಾಲಪ್ ಸಮೀಕ್ಷೆಯಲ್ಲಿ ಗೋರ್ ಗೆದ್ದರು ಅಂದವರು 48 ಪರ್ಸೆಂಟ್, ಬುಷ್ ಅಂದವರು 41. ಟಿವಿ ಚಾನೆಲ್ ಸಿಬಿಎಸ್ ನಡೆಸಿದ ಸಮೀಕ್ಷೆಯಲ್ಲಿ ಗೋರ್ 56, ಬುಷ್ 42. ಎನ್‌ಬಿಸಿ, ಎಬಿಸಿ ಕೇಳಿದಾಗಲೂ ಗೋರ್ ಮುಂದೆ. ನಿಟ್ಟುಸಿರನ್ನು ಈ ಜನರೂ ಕೇಳಿದ್ದರು, ನೆನಪಿರಲಿ. ತೊಂಬತ್ತು ನಿಮಿಷದ ನಡುವೆ ಕೇಳಿದ್ದರು. ಮುಂದೆ ಒಂದು ವಾದ, ಹಿಂದೆ ಒಂದು ವಾದ, ನಡುವೆ ಒಂದು ಉಸಿರು.

ಮರುದಿನದಿಂದ ಉಸಿರು ಮಾತ್ರ ಉಳಿಯಿತು. ಟಿವಿ ಚಾನೆಲ್‌ಗಳು ನಿಟ್ಟುಸಿರುಗಳನ್ನು ಕತ್ತರಿಸಿ ಒಂದರ ಹಿಂದೆ ಒಂದು ಜೋಡಿಸಿ ಹಾಕಿದವು. ಸದ್ದು ಜೋರು ಮಾಡಿದವು. ಶನಿವಾರ ರಾತ್ರಿಯ ಜನಪ್ರಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ನಟರೊಬ್ಬರು ಗೋರ್ ಆಗಿ ಬಂದು 'ಪೆಟ್ಟಿಗೆ, ಪೆಟ್ಟಿಗೆ' ಅಂದರು. ಗೋರ್ ಅವರ ಸ್ವಂತ ಸಲಹೆಗಾರರೇ ಆ ಟೇಪ್ ತಂದು, ಜನ ನಿಮ್ಮನ್ನು ಹೇಗೆ ನೋಡುತ್ತಿದ್ದಾರೆ ನೋಡಿ ಅಂತ ಅವರಿಗೆ ತೋರಿಸಿದರು.

ಅದೇ ವಾರ ತಪ್ಪುಗಳೂ ಹೊರಬಂದವು. ಟೆಕ್ಸಸ್ ಕಾಡ್ಗಿಚ್ಚಿನ ವಿಚಾರ ಬಂದಾಗ, ವಿಪತ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥ ಜೇಮ್ಸ್ ಲೀ ವಿಟ್ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ ಅಂದಿದ್ದರು ಗೋರ್. ಆ ಸಲ ವಿಟ್ ಅವರ ಜೊತೆ ಇರಲಿಲ್ಲ. ಫ್ಲಾರಿಡಾದ ಒಂದು ಶಾಲೆಯಲ್ಲಿ ಜಾಗವಿಲ್ಲದೆ ವಿದ್ಯಾರ್ಥಿನಿಯೊಬ್ಬಳು ನಿಂತೇ ಪಾಠ ಕೇಳಬೇಕಾಗಿದೆ ಅಂದಿದ್ದರು. ಅಷ್ಟು ಹೊತ್ತಿಗೆ ಅವಳಿಗೆ ಕೂರಲು ವ್ಯವಸ್ಥೆ ಆಗಿತ್ತು. ಚಿಕ್ಕ ತಪ್ಪುಗಳು ಅಂತ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ನಂಬಿಕೆಯೇ ಪ್ರಶ್ನೆಯಾಗಿದ್ದ ಚುನಾವಣೆಯಲ್ಲಿ, ಆಗದ್ದನ್ನು ಆಯಿತು ಅಂತ ಯಾಕೆ ಹೇಳಬೇಕಿತ್ತು? ಎರಡನೇ ಚರ್ಚೆಯಲ್ಲಿ ಅವರೇ ಕ್ಷಮೆ ಕೇಳಿದರು.

ಆದರೆ ಅದೇ ರಾತ್ರಿ ಬುಷ್ ಕೂಡ ಒಂದು ಮಾತು ಹೇಳಿದ್ದರು. ಈ ಮನುಷ್ಯ ನನಗಿಂತ ಜಾಸ್ತಿ ಖರ್ಚು ಮಾಡಿದ್ದಾರೆ ಅಂತ. ಅದು ನಿಜವಲ್ಲ. ಗೋರ್‌ಗಿಂತ ಎಷ್ಟೋ ಹೆಚ್ಚು ಹಣ ಎತ್ತಿ ಖರ್ಚು ಮಾಡಿದ್ದವರು ಬುಷ್. ಈ ತಪ್ಪು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಯಾಕೆ? ಬುಷ್ ಬಗ್ಗೆ ಇದ್ದ ಕಥೆ ಬೇರೆ. ಅವರಿಗೆ ವಿಷಯ ಅಷ್ಟು ತಿಳಿಯದು, ಮಾತು ತೊದಲುತ್ತದೆ, ಆದರೆ ಮನುಷ್ಯ ಸರಳ ಅನ್ನುವ ಕಥೆ. ಸುಳ್ಳು ಲೆಕ್ಕ ಆ ಕಥೆಯೊಳಗೆ ಕೂರಲಿಲ್ಲ, ಜಾರಿಹೋಯಿತು. ಗೋರ್ ತಪ್ಪು ಅವರ ಕಥೆಗೆ ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

ಮುಂದೆ ನಡೆದದ್ದು ಇನ್ನೂ ನೋವಿನದು. ಅಕ್ಟೋಬರ್ 11ರ ಎರಡನೇ ಚರ್ಚೆಯಲ್ಲಿ ಗೋರ್ ತೀರಾ ಮೆತ್ತಗಾದರು. 17ರಂದು ಸೇಂಟ್ ಲೂಯಿಸ್‌ನಲ್ಲಿ ನಡೆದ ಮೂರನೇ ಚರ್ಚೆಯಲ್ಲಿ ಮತ್ತೆ ಜೋರಾದರು. ಬುಷ್ ಉತ್ತರ ಕೊಡುತ್ತಿದ್ದಾಗ ಅವರ ಪಕ್ಕಕ್ಕೇ ನಡೆದು ಬಂದು ನಿಂತರು. ಬುಷ್ ತಿರುಗಿ ನೋಡಿ, ಒಮ್ಮೆ ತಲೆ ಆಡಿಸಿ, ಮಾತು ಮುಂದುವರಿಸಿದರು. ಸಭೆ ನಕ್ಕಿತು. ಮೂರು ವಾರದಲ್ಲಿ ಮೂರು ಗೋರ್. ಇದರಲ್ಲಿ ನಿಜವಾದವರು ಯಾರು ಅಂತ ಮತದಾರರು ಕೇಳಿಕೊಂಡರೆ ಅದು ಅವರ ತಪ್ಪಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಚರ್ಚೆಗಳಿಗೆ ಮುಂಚೆ ಗೋರ್ 8 ಪಾಯಿಂಟ್ ಮುಂದಿದ್ದರು. ಮೂರೂ ಮುಗಿದಾಗ ಬುಷ್ 4 ಪಾಯಿಂಟ್ ಮುಂದಿದ್ದರು.

ಇಂಥದ್ದು ಮೊದಲೂ ಆಗಿತ್ತು. 1976ರ ಚರ್ಚೆಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪ್ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದುಬಿಟ್ಟರು. ನೋಡುತ್ತಿದ್ದ ಹೆಚ್ಚಿನವರಿಗೆ ಆ ರಾತ್ರಿ ಅದು ದೊಡ್ಡ ತಪ್ಪು ಅನ್ನಿಸಲಿಲ್ಲ. ಒಂದು ದಿನ ಪೂರ್ತಿ ಟಿವಿ ಅದನ್ನೇ ಹೇಳಿದ ಮೇಲೆ ಬಹುಪಾಲು ಜನ ಎದುರಾಳಿ ಜಿಮ್ಮಿ ಕಾರ್ಟರ್ ಗೆದ್ದರು ಅಂದರು. ಅಲ್ಲಿ ಫೋರ್ಡ್ ಹೇಳಿದ್ದಾದರೂ ತಪ್ಪು ಮಾತು. ಗೋರ್ ವಿಷಯದಲ್ಲಿ ಮತ್ತೆ ಮತ್ತೆ ಹಾಕಿದ್ದು ಒಂದು ಉಸಿರನ್ನು.

ಮುಖ ನೋಡಿ ಮಣೆ ಹಾಕುವುದು

ನಾವು ಹೇಳುವುದಿಲ್ಲವೇ, ಮುಖ ನೋಡಿ ಮಣೆ ಹಾಕುತ್ತಾರೆ ಅಂತ. ಅದನ್ನು ಬೈಗುಳದ ಹಾಗೆ ಬಳಸುತ್ತೇವೆ. ಆದರೆ ಮತದಾರರ ಜಾಗದಲ್ಲಿ ನಿಂತು ನೋಡಿದರೆ ಬೇರೆ ದಾರಿ ಯಾವುದಿತ್ತು? ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲೇ ಇದನ್ನು ಹೇಳಿದ್ದರು. ಕೋಟಿಗಟ್ಟಲೆ ಮತಗಳಲ್ಲಿ ನನ್ನದು ಒಂದು. ಅದಕ್ಕಾಗಿ ತೆರಿಗೆ ಯೋಜನೆ ಓದುತ್ತಾ ವಾರಗಟ್ಟಲೆ ಕೂತರೆ ನನಗೆ ಸಿಗುವುದೇನು? ದುಡಿಮೆ, ಮಕ್ಕಳು, ಅಡುಗೆ ಮನೆ ಇರುವ ಜನ ಹಾಗೆ ಕೂರುವುದಿಲ್ಲ. ಕೂರದಿರುವುದು ದಡ್ಡತನವಲ್ಲ.

ಹಾಗಾಗಿ ಅವರು ಪ್ರಶ್ನೆಯನ್ನೇ ಬದಲಿಸಿಕೊಳ್ಳುತ್ತಾರೆ. 'ಯಾರ ಲೆಕ್ಕ ಸರಿ?' ಅನ್ನುವುದನ್ನು ಪರೀಕ್ಷಿಸಲು ಅವರ ಹತ್ತಿರ ಸಾಧನವಿಲ್ಲ. 'ಇವರಲ್ಲಿ ಯಾರನ್ನು ನಂಬಬಹುದು?' ಅನ್ನುವುದಕ್ಕೆ ಸಾಧನ ಇದೆ. ದಿನಾ ಬಳಸುವ ಸಾಧನ. ತರಕಾರಿಯವರು, ಮೆಕ್ಯಾನಿಕ್, ಬಾಡಿಗೆಗೆ ಬರುವವರು, ಎಲ್ಲರನ್ನೂ ಅದರಲ್ಲೇ ಅಳೆಯುತ್ತೇವೆ. ಮುಖ, ದನಿ, ನಮ್ಮನ್ನು ಎಷ್ಟು ಮರ್ಯಾದೆಯಿಂದ ಕಾಣುತ್ತಾರೆ ಅನ್ನುವುದು.

ಈ ಅಳತೆ ಸುಮ್ನೆ ಹುಚ್ಚಲ್ಲ ಅಂತ ರಾಜಕೀಯ ವಿದ್ವಾಂಸ ಸ್ಯಾಮ್ಯುಯೆಲ್ ಪಾಪ್ಕಿನ್ ಒಂದು ಉದಾಹರಣೆ ಕೊಡುತ್ತಾರೆ. 1976ರಲ್ಲಿ ಇದೇ ಫೋರ್ಡ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತಮಾಲೆ ತಿಂದರು. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಿಂಡಿ. ಫೋರ್ಡ್ ಸಿಪ್ಪೆ ಬಿಚ್ಚದೆ ಕಚ್ಚಿದರು. ನಮ್ಮ ಕೊಟ್ಟೆ ಕಡುಬನ್ನು ಹಲಸಿನ ಎಲೆ ಸಮೇತ ಬಾಯಿಗೆ ಹಾಕಿಕೊಂಡ ಹಾಗೆ. ನೋಡಿದ ಮೆಕ್ಸಿಕನ್ ಮೂಲದ ಮತದಾರರಿಗೆ ಒಂದು ವಿಷಯ ಗೊತ್ತಾಯಿತು. ಈ ಮನುಷ್ಯ ನಮ್ಮ ಮನೆಗಳಲ್ಲಿ ಒಮ್ಮೆಯೂ ಊಟಕ್ಕೆ ಕೂತಿಲ್ಲ. ಅದು ತಪ್ಪು ತೀರ್ಮಾನವೇ? ನನಗೆ ಹಾಗೆ ಅನ್ನಿಸುವುದಿಲ್ಲ.

ಗೋರ್ ನಿಟ್ಟುಸಿರಿನಲ್ಲೂ ಜನ ಏನೋ ನಿಜವನ್ನೇ ಕೇಳಿಸಿಕೊಂಡರು. ಎದುರಿನವರ ಬಗ್ಗೆ ತಾತ್ಸಾರ. ಅದು ಬುಷ್ ಮೇಲಿನ ತಾತ್ಸಾರ ಆಗಿತ್ತು. ಆದರೆ ಬುಷ್ ಹಾಗೆಯೇ ತೆರಿಗೆಯ ಸೂಕ್ಷ್ಮ ತಿಳಿಯದ ಲಕ್ಷಾಂತರ ಜನ ಅದು ತಮ್ಮ ಮೇಲೆ ಬಿಟ್ಟ ಉಸಿರು ಅಂದುಕೊಂಡರು. ಲೆಕ್ಕ ಹೇಳಿಕೊಡುವವರು ಈ ಒಂದು ವಿಷಯ ಮರೆಯಬಾರದು. ನಮ್ಮನ್ನು ದಡ್ಡ ಅಂದುಕೊಂಡವರ ಬಾಯಿಂದ ಬಂದ ಸರಿ ಉತ್ತರ ನಮ್ಮ ಕಿವಿಗೆ ಹೋಗುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಮಿಲ್ಟನ್ ಲಾಡ್ಜ್ ಅನ್ನುವ ವಿದ್ವಾಂಸರು ಮತ್ತು ಅವರ ಸಂಗಡಿಗರು ತೋರಿಸಿದ ಹಾಗೆ, ಜನ ಅಭ್ಯರ್ಥಿಯ ಬಗ್ಗೆ ಕೇಳಿದ್ದನ್ನೆಲ್ಲ ನೆನಪಿಡುವುದಿಲ್ಲ. ಕೇಳಿದಾಗ ಮನಸ್ಸಿನಲ್ಲಿ ಕೂಡಿಸಿಯೋ ಕಳೆದೋ ಬಿಡುತ್ತಾರೆ, ಆಮೇಲೆ ವಿವರ ಮರೆಯುತ್ತಾರೆ. ಅಂಗಡಿಯ ಸಾಲದ ಪುಸ್ತಕದಲ್ಲಿ ಬಾಕಿ ಎಷ್ಟು ಅನ್ನುವುದೊಂದು ಉಳಿದು, ಯಾವತ್ತು ಏನು ತಂದೆವು ಅನ್ನುವ ಪುಟ ಹರಿದುಹೋದ ಹಾಗೆ. ನವೆಂಬರ್‌ನಲ್ಲಿ ಮತದಾರರನ್ನು ಕೇಳಿದರೆ 'ಯಾಕೋ ಅವರ ಮೇಲೆ ನಂಬಿಕೆ ಬರಲ್ಲ' ಅಂತ ಹೇಳುತ್ತಾರೆ. ಅದು ಅವರ ಬಾಕಿ. ಅದರಲ್ಲಿ ತಾವೇ ಕಂಡದ್ದು ಎಷ್ಟು, ಟಿವಿ ಹತ್ತು ಸಲ ಹಾಕಿದ್ದು ಎಷ್ಟು ಅಂತ ಬಿಡಿಸಲು ಅವರಿಗೇ ಆಗುವುದಿಲ್ಲ.

ರಾಜಕೀಯ ವಿದ್ವಾಂಸ ಗೇಬ್ರಿಯಲ್ ಲೆಂಜ್ ಇದೇ ಚುನಾವಣೆಯ ಸೋಷಿಯಲ್ ಸೆಕ್ಯುರಿಟಿ ವಿಷಯವನ್ನು ಮತ್ತೆ ತೆಗೆದು ನೋಡಿದರು. ಜನ ಆ ವಿಷಯದ ಮೇಲೆ ಅಭ್ಯರ್ಥಿಯನ್ನು ಆರಿಸಿದರು ಅಂತ ಮೊದಲು ಅಂದುಕೊಂಡಿದ್ದರು. ಒಬ್ಬೊಬ್ಬರನ್ನೇ ಮತ್ತೆ ಮತ್ತೆ ಮಾತಾಡಿಸಿದ ಸಮೀಕ್ಷೆ ತೋರಿಸಿದ್ದು ಉಲ್ಟಾ. ಬುಷ್ ಇಷ್ಟ ಆದವರು ಬುಷ್ ಯೋಜನೆ ಏನು ಅಂತ ತಿಳಿದುಕೊಂಡ ಮೇಲೆ ಅದನ್ನು ಒಪ್ಪಿಕೊಂಡರು. ಗೋರ್ ಇಷ್ಟ ಆದವರು ಗೋರ್ ಮಾತನ್ನು ತಮ್ಮದು ಮಾಡಿಕೊಂಡರು. ಮನುಷ್ಯನನ್ನು ಮೊದಲು ಆರಿಸಿ, ವಿಷಯವನ್ನು ಆಮೇಲೆ ತೊಟ್ಟುಕೊಂಡರು. ಇದನ್ನು ಓದಿದಾಗ ನನ್ನದೇ ಎಷ್ಟೋ ಅಭಿಪ್ರಾಯಗಳು ಹೀಗೇ ಬಂದಿರಬಹುದು ಅನ್ನಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಎಣಿಕೆ

ನವೆಂಬರ್ 7ರಂದು ಮತದಾನ. ದೇಶದಾದ್ಯಂತ ಗೋರ್‌ಗೆ ಬುಷ್‌ಗಿಂತ 5,43,895 ಮತ ಜಾಸ್ತಿ ಬಂತು. ಹಾಗಾಗಿ ಜನ ಗೋರ್‌ನ ತಿರಸ್ಕರಿಸಿದರು ಅಂತ ಹೇಳುವುದು ತಪ್ಪು. ಹೆಚ್ಚಿನವರು ಯಾವಾಗಲೂ ಹಾಕುವ ಪಕ್ಷಕ್ಕೇ ಹಾಕಿದರು, ನಿಟ್ಟುಸಿರು ಕೇಳಿ ಬದಲಾದವರು ಅಂಚಿನಲ್ಲಿದ್ದ ಸ್ವಲ್ಪ ಜನ. ಆದರೆ ಆ ವರ್ಷ ಎಲ್ಲವೂ ಅಂಚಿನಲ್ಲೇ ತೀರ್ಮಾನವಾಯಿತು. ಅಮೆರಿಕದಲ್ಲಿ ಅಧ್ಯಕ್ಷರು ಯಾರು ಅನ್ನುವುದು ದೇಶದ ಒಟ್ಟು ಮತದಿಂದಲ್ಲ, ರಾಜ್ಯವಾರು ಲೆಕ್ಕದಿಂದ ತೀರ್ಮಾನವಾಗುತ್ತದೆ. ಬಹುತೇಕ ರಾಜ್ಯಗಳಲ್ಲಿ ಒಂದು ಮತ ಮುಂದಿದ್ದರೂ ಆ ರಾಜ್ಯದ ಪಾಲೆಲ್ಲ ಅವರಿಗೇ. ಫ್ಲಾರಿಡಾದಲ್ಲಿ ಬುಷ್ 537 ಮತ ಮುಂದಿದ್ದರು, ಅದರಿಂದಲೇ ಅಧ್ಯಕ್ಷರಾದರು. ಗೊಂದಲದ ಮತಪತ್ರ, ಮರುಎಣಿಕೆ, ಡಿಸೆಂಬರ್ 12ರಂದು ಮರುಎಣಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್ ತೀರ್ಪು, ಆ ಕಥೆ ಎಲ್ಲರಿಗೂ ಗೊತ್ತು. ಇಷ್ಟು ಸಣ್ಣ ಅಂತರಕ್ಕೆ ನೂರು ಕಾರಣ ಕೊಡಬಹುದು. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸಿಯನ್ನೂ ಕಳೆದುಕೊಂಡರು. ಅದೊಂದು ಗೆದ್ದಿದ್ದರೆ ಫ್ಲಾರಿಡಾ ಬೇಕೇ ಇರಲಿಲ್ಲ.

ನನ್ನ ಗಮನ ಸೆಳೆಯುವುದು ಮತಗಟ್ಟೆಯಿಂದ ಹೊರಬಂದವರ ಸಮೀಕ್ಷೆ. ಅಭ್ಯರ್ಥಿಯಲ್ಲಿ ನಿಮಗೆ ಬಹಳ ಮುಖ್ಯವಾದ ಗುಣ ಯಾವುದು ಅಂತ ಕೇಳಿದಾಗ ನೂರಕ್ಕೆ ಸುಮಾರು 24 ಜನ ಪ್ರಾಮಾಣಿಕತೆ ಅಂದರು. ಅವರಲ್ಲಿ ನೂರಕ್ಕೆ 80 ಜನ ಬುಷ್‌ಗೆ ಹಾಕಿದ್ದರು. ಅನುಭವ ಮುಖ್ಯ ಅಂದವರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಅಷ್ಟೇ ಜನ ಗೋರ್‌ಗೆ ಹಾಕಿದ್ದರು, ಆದರೆ ಹಾಗಂದವರೇ ಕಡಿಮೆ.

ಕಾಂಕರ್ಡ್ ಶಾಲೆಯ ಟೇಪ್

ಇನ್ನೊಂದು ಘಟನೆ ಹೇಳಲೇಬೇಕು. 1999ರ ನವೆಂಬರ್ 30, ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್ ಹೈಸ್ಕೂಲ್. ಗೋರ್ ಮಕ್ಕಳ ಜೊತೆ ಮಾತಾಡಲು ಬಂದಿದ್ದರು. ಒಬ್ಬ ಸಾಮಾನ್ಯ ವಿದ್ಯಾರ್ಥಿ ಏನು ಮಾಡಬಲ್ಲ ಅನ್ನುವುದಕ್ಕೆ ಹಳೆಯದೊಂದು ಕಥೆ ಹೇಳಿದರು. ಟೆನೆಸಿಯ ಟೂನ್ ಅನ್ನುವ ಊರಿನಿಂದ ಒಬ್ಬ ಹುಡುಗಿ ಅವರಿಗೆ ಕಾಗದ ಬರೆದಿದ್ದಳು, ಇಲ್ಲಿ ವಿಷದ ಕಸ ಸುರಿಯುತ್ತಿದ್ದಾರೆ ಅಂತ. ಅದರಿಂದ ಅವರು ಸಂಸತ್ತಿನಲ್ಲಿ ವಿಚಾರಣೆ ನಡೆಸಿದರು, ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಬಡಾವಣೆಯ ಇಂಥದ್ದೇ ವಿಷದ ಕಸದ ಪ್ರಕರಣವನ್ನೂ ಸೇರಿಸಿಕೊಂಡರು. ಟೂನ್ ಬಗ್ಗೆ ಹೇಳುತ್ತಾ, ಎಲ್ಲ ಶುರುವಾದದ್ದು ಅದರಿಂದ ಅಂದರು.

ಮರುದಿನ ದೊಡ್ಡ ಪತ್ರಿಕೆಗಳಲ್ಲಿ 'ಅದರಿಂದ' ಹೋಗಿ 'ನನ್ನಿಂದ' ಬಂದಿತ್ತು. ಲವ್ ಕೆನಾಲ್ ಬಯಲಿಗೆ ತಂದದ್ದೂ ತಾನೇ ಅಂತಾರೆ ಗೋರ್, ನೋಡಿ ಮತ್ತೆ ಬಡಾಯಿ ಅಂತ ಟಿವಿಯಲ್ಲಿ ಚರ್ಚೆ ಶುರುವಾಯಿತು.

ಕಾಂಕರ್ಡ್ ಮಕ್ಕಳ ಹತ್ತಿರ ಟೇಪ್ ಇತ್ತು. ಅವರು ಆ ಕೋಣೆಯಲ್ಲೇ ಕೂತಿದ್ದವರು, ಕಥೆ ತಮ್ಮಂಥ ಒಬ್ಬ ವಿದ್ಯಾರ್ಥಿನಿಯದು ಅಂತ ಅವರಿಗೆ ಗೊತ್ತಿತ್ತು. ಟೇಪ್ ಹಾಕಿ ಕೇಳಿದರು. ಪತ್ರಿಕೆಗಳ ಮಾತು ತಪ್ಪು ಅಂತ ಬರೆದು, ಕಾರಣಗಳನ್ನೂ ಪಟ್ಟಿ ಮಾಡಿ ಪತ್ರಿಕಾ ಹೇಳಿಕೆ ಕೊಟ್ಟರು. ಹತ್ತು ದಿನದೊಳಗೆ ವಾಷಿಂಗ್ಟನ್ ಪೋಸ್ಟ್, ನ್ಯೂಯಾರ್ಕ್ ಟೈಮ್ಸ್ ಎರಡೂ ತಿದ್ದುಪಡಿ ಹಾಕಿದವು.

ಗೋರ್‌ಗೆ ಅದರಿಂದ ಲಾಭವಾಗಲಿಲ್ಲ. ತಪ್ಪು ಮಾತು ಓಡಿದಷ್ಟು ದೂರ ತಿದ್ದುಪಡಿ ಓಡಲಿಲ್ಲ. ಆದರೂ ಆ ಮಕ್ಕಳ ಮೇಲೆ ನನಗೆ ತುಂಬಾ ಗೌರವ. ಅವರಿಗೂ ಒಳಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಅನ್ನಿಸಿದ್ದನ್ನು ಅಷ್ಟಕ್ಕೇ ಬಿಡದೆ, ಮಷೀನಿಗೆ ಟೇಪ್ ಹಾಕಿ ಹಿಂದಕ್ಕೆ ತಿರುಗಿಸಿ ಆ ಒಂದು ಪದ ಏನಿತ್ತು ಅಂತ ಇನ್ನೊಮ್ಮೆ ಕೇಳಿದರು.